ಪಿಸಕ್ಕ ಸುಮ್ಮನಿದ್ದ ಎರಡು ನಿಮಿಷ

ನಾಟಕ ನೋಡಲು ಬಂದವರಿಗೆ ಪಿಸಕ್ಕ ಕಾಣಿಸುವುದಿಲ್ಲ. ಕಾಣಿಸಿದರೆ, ಕೇಳಿಸಿದರೆ, ಅವಳು ಕೆಲಸ ಕೆಡಿಸಿದಳೆಂದೇ ಅರ್ಥ. ರಂಗದ ಎಡಪಕ್ಕದ ಪರದೆಯ ಹಿಂದೆ ಒಂದು ಗಿಡ್ಡ ಸ್ಟೂಲು, ಬಟ್ಟೆ ಸುತ್ತಿ ಬೆಳಕು ಕಡಿಮೆ ಮಾಡಿದ ಟಾರ್ಚು, ತೊಡೆಯ ಮೇಲೆ ನಾಟಕದ ಪ್ರತಿ. ನಟರು ಮಾತು ಮರೆತಾಗ ಮುಂದಿನ ಎರಡು ಶಬ್ದ ಪಿಸುಗುಟ್ಟಿ ಕೊಡುವುದು ಅವಳ ಕೆಲಸ. ಮೂವತ್ತೊಂದು ವರ್ಷದಿಂದ ಅದನ್ನೇ ಮಾಡಿಕೊಂಡು ಬಂದವಳಿಗೆ ಆ ಅಡ್ಡಹೆಸರು ಅಂಟಿಕೊಂಡಿತ್ತು. ಹಗಲೆಲ್ಲ ಕೋರ್ಟಿನೆದುರಿನ ಜೆರಾಕ್ಸ್ ಅಂಗಡಿಯಲ್ಲಿ ಇರುತ್ತಿದ್ದಳು. ಅಲ್ಲಿ ಮಷೀನಿನ ಗದ್ದಲದಲ್ಲಿ ಗಂಟಲು ಹರಿಯುವಂತೆ ಕೂಗಬೇಕು. "ನಮ್ಮ ಪಿಸಕ್ಕ ಅಂಗಡೀಲಿ ಕೂತ್ರೆ ಮೂರು ಬೀದಿಗೆ ಕೇಳುತ್ತೆ" ಎಂದು ತಂಡದವರು ರೇಗಿಸಿದರೆ, "ಮತ್ತೇನ್ಮಾಡ್ಲಿ, ಇಲ್ಲಿ ನುಂಗಿದ್ದನ್ನ ಅಲ್ಲಾದ್ರೂ ಕಕ್ಕಬೇಕಲ್ಲ" ಎನ್ನುತ್ತಿದ್ದಳು.

ಅವಳನ್ನು ಈ ಸ್ಟೂಲಿನ ಮೇಲೆ ತಂದು ಕೂರಿಸಿದವನು ಅಣ್ಣ. ಒಂಬತ್ತು ವರ್ಷ ದೊಡ್ಡವನು. ಅಪ್ಪ, ಅಮ್ಮ ಒಂದೇ ವರ್ಷ ಕಣ್ಣುಮುಚ್ಚಿದ ಮೇಲೆ ಅವಳ ತಲೆ ಬಾಚಿದವನು, ಶಾಲೆಗೆ ಬಿಟ್ಟವನು, ಗಂಡ ತೀರಿಕೊಂಡು ಬರಿಗೈಯಲ್ಲಿ ಬಂದಾಗ ಒಂದು ಮಾತೂ ಕೇಳದೆ ಮಹಡಿಯ ಕೋಣೆಯ ಬೀಗದಕೈ ಕೊಟ್ಟವನು ಅವನೇ. ಹಗಲು ಊರಿನ ಬಸ್ಸು ಓಡಿಸುತ್ತಿದ್ದ, ಸಂಜೆ ನಾಟಕ ಆಡುತ್ತಿದ್ದ. ಬರೀ ಬಸ್ಸಿನ ಡ್ರೈವರ್ ಎಂದು ಮೂಗು ಮುರಿದವರೂ ಅವನು ರಂಗಕ್ಕೆ ಬಂದರೆ ಕುರ್ಚಿಯಲ್ಲಿ ನೆಟ್ಟಗೆ ಕೂರುತ್ತಿದ್ದರು. ಅವನ ಬಂಡವಾಳ ಮಾತಲ್ಲ, ಮಾತಿಗೆ ಮುಂಚಿನ ತಡ. ಹೇಳಬೇಕಾದ್ದನ್ನು ಬಾಯಂಚಿಗೆ ತಂದು ನಿಲ್ಲಿಸಿಕೊಂಡು, ಇಡೀ ಸಭಾಂಗಣ ಉಸಿರು ಹಿಡಿದ ಮೇಲೆ ಹೇಳುವನು.

ಇದು ಗೊತ್ತಿಲ್ಲದ ಹೊಸತರಲ್ಲಿ ಪಿಸಕ್ಕ ಒಂದು ಎಡವಟ್ಟು ಮಾಡಿದಳು. ಅಣ್ಣ ನ್ಯಾಯಾಧೀಶನ ಪಾತ್ರದಲ್ಲಿದ್ದ. ತೀರ್ಪು ಹೇಳುವ ಮುನ್ನ ನಿಂತ. ನಿಂತೇ ಇದ್ದ. ಅಯ್ಯೋ ಮರೆತನಲ್ಲಪ್ಪಾ ಎಂದು ಇವಳ ಎದೆ ಧಸಕ್ಕೆಂದಿತು. ಗಾಬರಿಯಲ್ಲಿ ಪಿಸುಮಾತು ಹೋಗಿ ಅಂಗಡಿಯ ಗಂಟಲೇ ಬಂತು. "ಗಲ್ಲು!" ನ್ಯಾಯಾಧೀಶನಿಗಿಂತ ಮೊದಲು ಕೊನೆಯ ಸಾಲಿನವರಿಗೆ ತೀರ್ಪು ಕೇಳಿಸಿತು. ಜನ ಬಿದ್ದು ಬಿದ್ದು ನಕ್ಕರು, ಕಟಕಟೆಯಲ್ಲಿದ್ದ ಅಪರಾಧಿಯೂ ನಕ್ಕ. ಅಣ್ಣ ಒಂದು ವಾರ ಮಾತು ಬಿಟ್ಟ. ಎಂಟನೆಯ ದಿನ ಟೀ ಲೋಟ ಕೈಗಿಟ್ಟು ಹೇಳಿದ:

"ನೋಡು ಮರಿ, ನಾನು ನಿಜವಾಗ್ಲೂ ಮರೆತಿದ್ರೆ ಎಡಗಿವಿ ಮುಟ್ಕೋತೀನಿ. ಮುಟ್ಕೊಂಡ್ರೆ ಮಾತು ಕೊಡು. ಇಲ್ಲಾ ಅಂದ್ರೆ ಸೂರು ಕಳಚಿ ಬಿದ್ರೂ ಬಾಯಿ ಬಿಡ್ಬೇಡ. ಅದು ನನ್ನ ಜಾಗ."

ಅಲ್ಲಿಂದ ಮುಂದೆ ಅವಳು ಅವನ ಜಾಗಕ್ಕೆ ಕಾಲಿಡಲಿಲ್ಲ. ಇಪ್ಪತ್ತೆಂಟು ವರ್ಷದಲ್ಲಿ ಅವನು ಕಿವಿ ಮುಟ್ಟಿಕೊಂಡದ್ದು ಆರೋ ಏಳೋ ಸಲ.

ಆಮೇಲೆ ಶುರುವಾಯಿತು ನೋಡಿ. ನಿವೃತ್ತಿಯಾಗಿ ಐದು ವರ್ಷವಾದವನು ಒಂದು ಬೆಳಗ್ಗೆ ಖಾಕಿ ಅಂಗಿ ತೊಟ್ಟು ಡಿಪೋಕ್ಕೆ ಹೋಗಿ, ನನ್ನ ಬಸ್ಸು ಎಲ್ಲಿ ಎಂದು ಜಗಳಕ್ಕೆ ನಿಂತ. ನಲ್ಲಿ ಬಿಟ್ಟು ಮರೆತ, ಉಂಡದ್ದು ಮರೆತು ಮತ್ತೆ ತಟ್ಟೆಯ ಮುಂದೆ ಕೂತ. ಡಾಕ್ಟರು ತಲೆಯ ಫೋಟೋ ತೆಗೆಸಿ, ಮೆದುಳು ಕುಗ್ಗುತ್ತಿದೆ, ಔಷಧಿ ಹೆಸರಿಗಷ್ಟೇ ಎಂದರು. ಅತ್ತಿಗೆ ಆ ಮಾತನ್ನು ಒಪ್ಪಿಕೊಂಡು ಗೇಟಿಗೆ ಬೀಗ ಹಾಕಿಸಿದಳು. ಪಿಸಕ್ಕ ಒಪ್ಪಿಕೊಳ್ಳಲಿಲ್ಲ. ನಾಟಕ ಇರುವವರೆಗೂ ಅಣ್ಣ ಇರುತ್ತಾನೆ ಎಂದು ಅವಳು ನಂಬಿದ್ದಳು. ಮನೆಯಲ್ಲಿ ಬಚ್ಚಲು ಯಾವ ಕಡೆ ಎಂದು ಕೇಳುವವನು ತಾಲೀಮಿನ ಕೋಣೆಗೆ ಬಂದರೆ ಬೆನ್ನು ನೆಟ್ಟಗಾಗುತ್ತಿತ್ತು, ದನಿ ತುಂಬುತ್ತಿತ್ತು. ಮಾತು ಮಾತ್ರ ಒಂದೂ ನೆನಪಿರುತ್ತಿರಲಿಲ್ಲ. ಸಾಲಿಗೊಂದು ಸಲ ಕೈ ಕಿವಿಗೆ ಹೋಗುತ್ತಿತ್ತು, ಸಾಲಿಗೊಂದು ಸಲ ಅವಳು ಕೊಡುತ್ತಿದ್ದಳು, ಅವನು ಅದನ್ನು ತನ್ನದೇ ಎಂಬಂತೆ ಆಡುತ್ತಿದ್ದ. ತಾನೇ ಬಾಯಿಗಿಟ್ಟ ತುತ್ತನ್ನು ಅವನೇ ಕೈಯಾರೆ ಉಂಡನೆಂದು ಕುಣಿದಾಡುವವಳಿಗೆ ಯಾರೇನು ಹೇಳಬೇಕು? ತಂಡದವರಿಗೆ ಗುಟ್ಟು ತಿಳಿಯದಂತೆ ಎಲ್ಲವನ್ನೂ ಹೊಟ್ಟೆಯಲ್ಲಿಟ್ಟುಕೊಂಡಳು.

ಊರಿನ ನಾಟಕ ತಂಡಗಳೆಲ್ಲ ಸೇರಿ ವರ್ಷಕ್ಕೊಮ್ಮೆ ಐದು ದಿನದ ಉತ್ಸವ ನಡೆಸುತ್ತಿದ್ದವು. ಆ ವರ್ಷದ ವಿಷಯ ನಂಬಿಕೆ. ದೇವರಿದ್ದಾನೆಯೇ, ಇದ್ದರೆ ಕೇಳಿಸಿಕೊಳ್ಳುತ್ತಾನೆಯೇ, ಇಲ್ಲದಿದ್ದರೆ ಮನುಷ್ಯ ಯಾರೊಡನೆ ಮಾತಾಡಬೇಕು, ಇಂಥವು. ಪ್ರತಿ ನಾಟಕದ ನಂತರ ಪ್ರೇಕ್ಷಕರೊಡನೆ ಒಂದು ಗಂಟೆ ಸಂವಾದ. ಪಿಸಕ್ಕನ ತಂಡದ ನಿರ್ದೇಶಕರು ಶಾಲೆಯಲ್ಲಿ ಚಿತ್ರಕಲೆ ಕಲಿಸುವ ಮೇಷ್ಟ್ರು. ಮೌನದ ಮಹತ್ವದ ಬಗ್ಗೆ ಎರಡು ಗಂಟೆ ಬಿಡದೆ ಮಾತಾಡಬಲ್ಲ ಪುಣ್ಯಾತ್ಮರು. ಅವರ ನಾಟಕದಲ್ಲಿ, ಹೆಂಡತಿ ಮಕ್ಕಳನ್ನೆಲ್ಲ ಕಳೆದುಕೊಂಡ ಮುದುಕನೊಬ್ಬ ಪ್ರಾರ್ಥನೆಯ ಮನೆಯೊಂದರ ಮುಚ್ಚಿದ ಬಾಗಿಲ ಮುಂದೆ ನಿಂತು ದೇವರನ್ನು ತರಾಟೆಗೆ ತೆಗೆದುಕೊಳ್ಳುತ್ತಾನೆ. ಬಾಗಿಲು ತೆರೆಯುವುದಿಲ್ಲ. ಮುದುಕನ ಪಾತ್ರ ಅಣ್ಣನಿಗೆ. ತಾಲೀಮಿನಲ್ಲಿ ಅವನು ಮಾತುಮಾತಿಗೆ ಕಿವಿ ಮುಟ್ಟುವುದನ್ನು ಕಂಡು ಮೇಷ್ಟ್ರು ಕರಗಿಹೋದರು.

"ಆಹಾ! ದೇವ್ರು ಏನಾದ್ರೂ ಹೇಳ್ತಾನೇನೋ ಅಂತ ಕಿವಿ ಕೊಟ್ಟು ಕೇಳ್ತಿದಾನೆ ಮುದುಕ. ಇದನ್ನ ಹೇಳ್ಕೊಡೋಕಾಗುತ್ತಾ? ಒಳಗಿಂದ ಬರ್ಬೇಕು."

ಪಿಸಕ್ಕ ಪ್ರತಿಯ ಮುಂದಿನ ಪುಟ ತಿರುಗಿಸಿದಳು.

ಆಟದ ಹಿಂದಿನ ದಿನ ಬೆಳಗ್ಗೆ ಅಡುಗೆಮನೆಯಲ್ಲಿ ಅತ್ತಿಗೆ ಬ್ರೆಡ್ಡಿನ ಅಂಚು ಕತ್ತರಿಸುತ್ತಿದ್ದಳು. ಅಂಚಿದ್ದರೆ ಗಂಡ ಅಗಿಯುವುದನ್ನೇ ಮರೆತು ಬಾಯಲ್ಲಿಟ್ಟುಕೊಂಡು ಕೂರುತ್ತಿದ್ದ. "ಇದೆಲ್ಲ ಬೇಕಾ ನಿಂಗೆ?" ಎಂದಳು. "ನಾಲ್ಕು ಜನದ ಮುಂದೆ ಅವ್ರ ಮಾನ ಯಾಕೆ ಕಳೀತೀಯ?"

"ಅಲ್ಲಿ ಅಣ್ಣ ಸರಿಯಾಗಿರ್ತಾನೆ ಅತ್ತಿಗೆ. ಅಲ್ಲಿಗೂ ಹೋಗ್ಬೇಡ ಅಂದ್ರೆ ಒಂದೇ ತಿಂಗಳಲ್ಲಿ ನಾವ್ಯಾರು ಅನ್ನೋದೂ ಮರೀತಾನೆ."

ಅತ್ತಿಗೆ ಚಾಕು ಕೆಳಗಿಟ್ಟಳು. ಅವಳೇನು ಕಲ್ಲೆದೆಯವಳಲ್ಲ, ಎರಡು ವರ್ಷದಿಂದ ಸರಿಯಾಗಿ ನಿದ್ದೆ ಮಾಡಿರಲಿಲ್ಲ ಅಷ್ಟೆ. "ಸರಿ ಕಣೇ. ಇದೊಂದು ಆಟ ನೆಟ್ಟಗೆ ಮುಗೀಲಿ. ಆಮೇಲೂ ತಾಲೀಮಿಗೆ ಕರ್ಕೊಂಡು ಹೋಗು, ನಾನು ತಡೆಯಲ್ಲ. ಏನಾದ್ರೂ ಎಡವಟ್ಟಾದ್ರೆ ಮಾತ್ರ ಅಲ್ಲಿಗೆ ಮುಗೀತು. ಮನೇಲೇ ಇರ್ಲಿ. ನಾನೂ ಬಂದು ನೋಡ್ತೀನಿ."

ಕೊನೆಯ ದಿನದ ಮಧ್ಯಾಹ್ನ ಮೂರು ಗಂಟೆಯ ಆಟ. ಮುನ್ಸಿಪಾಲಿಟಿಯ ಸಭಾಂಗಣ ಕಿಕ್ಕಿರಿದಿತ್ತು. ಅತ್ತಿಗೆ ಮೂರನೆಯ ಸಾಲಿನಲ್ಲಿ ಕೈಚೀಲವನ್ನು ಎದೆಗೊತ್ತಿಕೊಂಡು ಕೂತಿದ್ದಳು. ಪಿಸಕ್ಕ ಜೀವ ಕೈಯಲ್ಲಿ ಹಿಡಿದು ಸ್ಟೂಲಿನ ಮೇಲೆ ಕೂತಳು. ಮೊದಲರ್ಧ ನೀರು ಕುಡಿದಷ್ಟು ಸಲೀಸಾಗಿ ಹೋಯಿತು. ಹದಿನಾಲ್ಕು ಸಲ ಕಿವಿ, ಹದಿನಾಲ್ಕು ಸಲ ಮಾತು. ಬಾಗಿಲು ಕಾಯುವವನ ಪಾತ್ರ ಮಾಡುತ್ತಿದ್ದ, ಹಲ್ಲಿನ ಡಾಕ್ಟರ ಹತ್ತಿರ ಕೆಲಸಕ್ಕಿದ್ದ ಕಾಂಪೌಂಡರು ಕೂಡ ಆವತ್ತು ಒಂದು ಸಾಲೂ ನುಂಗಲಿಲ್ಲ.

ಕೊನೆಗೆ ಮುದುಕ ದೇವರನ್ನು ತರಾಟೆಗೆ ತೆಗೆದುಕೊಳ್ಳುವ ದೊಡ್ಡ ಮಾತು ಬಂತು. ಕಾವಲುಗಾರ ಪಕ್ಕಕ್ಕೆ ಸರಿದ. ಅಣ್ಣ ಪ್ಲೈವುಡ್ಡಿನ ಬಾಗಿಲ ಮುಂದೆ ಒಬ್ಬನೇ ನಿಂತ. ಅವನ ಕೈ ಮೇಲೇಳುವುದನ್ನೇ ಪಿಸಕ್ಕ ಕಣ್ಣಲ್ಲಿ ಕಣ್ಣಿಟ್ಟು ಕಾದಳು. 'ಎಷ್ಟು ಸಲ ಬಾಗಿಲು ತಟ್ಟಲಿ' ಎಂಬ ಸಾಲಿನ ಮೇಲೆ ಬೆರಳಿತ್ತು, ತುಟಿಯಲ್ಲಿ ಮಾತಿತ್ತು.

ಕೈ ಏಳಲಿಲ್ಲ.

ಅವಳಿಗೆ ಮೊದಲು ಅರ್ಥವಾಗಲಿಲ್ಲ, ಆಮೇಲೆ ಅರ್ಥವಾಯಿತು ಅಂದುಕೊಂಡಳು. ಕಿವಿ ಮುಟ್ಟಿಲ್ಲ. ಮುಟ್ಟಿಲ್ಲ ಅಂದರೆ ಮರೆತಿಲ್ಲ. ಇದು ತಡ, ಇದು ಅವನ ಜಾಗ! ಎರಡು ವರ್ಷದ ಮೇಲೆ ಅಣ್ಣ ತಾನೇ, ತನ್ನಷ್ಟಕ್ಕೆ, ಯಾರ ಹಂಗೂ ಇಲ್ಲದೆ ನಿಂತಿದ್ದಾನೆ. ಸಭಾಂಗಣದಲ್ಲಿ ಕೆಮ್ಮು ನಿಂತಿತು, ಕುರ್ಚಿಗಳ ಕಿರುಗುಟ್ಟು ನಿಂತಿತು. ಪಿಸಕ್ಕನ ಕಣ್ಣು ತುಂಬಿ ಬಂತು. ನೋಡಿ ಅತ್ತಿಗೆ, ನೋಡಿ ಡಾಕ್ಟರೇ, ನಾನು ಹೇಳಿರಲಿಲ್ಲವಾ? ಆಯುಷ್ಯದಲ್ಲಿ ಅವಳು ಅಷ್ಟು ಸಂತೋಷಪಟ್ಟದ್ದು ಅದಕ್ಕೆ ಮುಂಚೆ ಇಲ್ಲ, ಆಮೇಲಂತೂ ಇಲ್ಲವೇ ಇಲ್ಲ.

ಒಂದು ನಿಮಿಷವಾಯಿತು. ಬಾಯಿ ಬಿಡಬೇಡ ಎಂದಿದ್ದ, ಬಿಡಲಿಲ್ಲ. ಎರಡನೆಯ ನಿಮಿಷವೂ ಹೋಯಿತು.

ಆಗ ಅಣ್ಣ ಪರದೆಯತ್ತ ತಿರುಗಿದ. ನೇರ ಅವಳ ಮುಖಕ್ಕೇ ಅವನ ಕಣ್ಣು ಬಿತ್ತು, ಒಂದು ಕ್ಷಣ ನಿಂತಿತು, ಬಸ್‌ಸ್ಟಾಪಿನಲ್ಲಿ ಯಾರನ್ನೋ ನೋಡಿದಂತೆ ನೋಡಿ ಮುಂದಕ್ಕೆ ಹೋಯಿತು. ಅವನು ಮಾತು ಮರೆತಿದ್ದ. ಮರೆತರೆ ಕಿವಿ ಮುಟ್ಟಬೇಕೆಂಬುದನ್ನೂ ಮರೆತಿದ್ದ. ಆ ಎರಡು ನಿಮಿಷ ಅವನು ಎಲ್ಲಿದ್ದೇನೆಂದು ತಿಳಿಯದೆ ಒಬ್ಬನೇ ನಿಂತಿದ್ದ, ಇವಳು ಇಲ್ಲಿ ಕೂತು ಹಿಗ್ಗುತ್ತಿದ್ದಳು.

"ಎಷ್ಟು ಸಲ..." ಎಂದು ಪಿಸುಗುಟ್ಟಿದಳು. ಅವನು ತೆಗೆದುಕೊಳ್ಳಲಿಲ್ಲ. "ಎಷ್ಟು ಸಲ ಬಾಗಿಲು ತಟ್ಟಲಿ," ಇನ್ನೂ ಗಟ್ಟಿಯಾಗಿ. ಅಣ್ಣ ಕತ್ತಲೆಯಿಂದ ಬಂದ ದನಿಗೆ ಬೆಚ್ಚಿದ. ಆಮೇಲೆ ಬಸ್ಸಿನಲ್ಲಿ ಗಲಾಟೆ ಮಾಡುವ ಪ್ರಯಾಣಿಕರಿಗೆ ಹೇಳುವಷ್ಟೇ ಮರ್ಯಾದೆಯಿಂದ, "ಸ್ವಲ್ಪ ಸುಮ್ನಿರ್ತೀರಾ ಅಮ್ಮಾ? ನಂಗೆ ಗೊತ್ತಾಗ್ತಿಲ್ಲ, ತಡೀರಿ" ಎಂದು ಬಾಗಿಲ ಮುಂದೆ ನೆಲದ ಮೇಲೆ ಕೂತುಬಿಟ್ಟ.

ಕಾಂಪೌಂಡರು ಬುದ್ಧಿವಂತ, ಎರಡು ಪುಟ ಹಾರಿಸಿ ಕೊನೆಯ ಸಾಲು ಹೇಳಿದ. ಪರದೆ ಬಿತ್ತು. ಸಭಾಂಗಣ ಎದ್ದು ನಿಂತು ಚಪ್ಪಾಳೆ ಹೊಡೆಯಿತು, ಹೊಡೆಯುತ್ತಲೇ ಇತ್ತು. ಮೇಷ್ಟ್ರು ಒಳಗೆ ಓಡಿ ಬಂದು ಪಿಸಕ್ಕನ ಎರಡೂ ಕೈ ಹಿಡಿದುಕೊಂಡರು. "ಆ ಮೌನ, ಆ ಕೂರೋದು ಅವ್ರಿಗೇ ಹೊಳೀತಾ? ಇನ್ಮೇಲೆ ಎಲ್ಲಾ ಆಟಕ್ಕೂ ಹಂಗೇ ಇಟ್ಕೊಳ್ಳೋಣ!" ಅವಳಿಗೆ ಅವರ ಕಪಾಳಕ್ಕೆ ಬಾರಿಸಬೇಕೆನ್ನಿಸಿತು.

ಸಂವಾದಕ್ಕೆ ರಂಗದ ಮೇಲೆ ಕುರ್ಚಿ ಹಾಕಿದರು. ಅಣ್ಣ ಒಬ್ಬನೇ ಕೂರಲಾರನೆಂದು ಪಿಸಕ್ಕ ಪಕ್ಕದಲ್ಲಿ ಕೂತಳು, ಮೂವತ್ತೊಂದು ವರ್ಷದಲ್ಲಿ ಮೊದಲ ಸಲ ಬೆಳಕಿನಲ್ಲಿ. ಅವನ ಕೈ ಅವಳ ಕೈಯೊಳಗಿತ್ತು. ಯಾರೋ ದೇವರ ಮೌನ ಅಂದರು, ಯಾರೋ ಭಕ್ತನ ಕೊನೆಯ ಮೆಟ್ಟಿಲು ಅಂದರು. ಕತ್ತಲೆಯ ಹೆಂಗಸಿನ ದನಿ ಅಂತರಾತ್ಮದ್ದೋ ಸೈತಾನನದ್ದೋ ಎಂದು ಇಬ್ಬರು ಪ್ರೊಫೆಸರುಗಳು ಕಿತ್ತಾಡಿದರು. ಕೊನೆಗೆ ಬಿಳಿಗೂದಲಿನ ನರ್ಸೊಬ್ಬಳು ಎದ್ದು ಮೈಕು ತೆಗೆದುಕೊಂಡಳು.

"ನನ್ ಪ್ರಶ್ನೆ ಆ ಹಿರಿಯರಿಗೆ. ಬಾಗಿಲ ಮುಂದೆ ಅಷ್ಟು ಹೊತ್ತು ನಿಂತಿದ್ರಲ್ಲ, ನಿಮ್ಮ ಮನಸ್ಸಲ್ಲಿ ಏನಿತ್ತು ಸರ್? ಯಾರಿಗೆ ಕಾಯ್ತಿದ್ರಿ?"

ಮೇಷ್ಟ್ರು ಉತ್ತರಿಸಲು ಬಾಯಿ ತೆರೆದರು. ಅಷ್ಟರಲ್ಲಿ ಅಣ್ಣ, ತುಂಬಿದ ದನಿಯಲ್ಲಿ, ಯಾರೂ ಕೊಡದ ಮಾತನ್ನು ತಾನೇ ಆಡಿದ.

"ನನ್ನ ತಂಗಿಗೆ. ಚಿಕ್ಕ ಹುಡುಗಿ. ನಾನು ದಾರಿ ತಪ್ಪಿದ್ರೆ ಅವ್ಳೇ ಬಂದು ಕರ್ಕೊಂಡ್ಹೋಗೋದು."

"ಬಂದ್ರಾ ಅವ್ರು?"

ಅಣ್ಣ ಸಭಾಂಗಣವನ್ನೆಲ್ಲ ಸಾಲುಸಾಲಾಗಿ ಹುಡುಕಿದ. ಆಮೇಲೆ ಪಕ್ಕಕ್ಕೆ ತಿರುಗಿ ಪಿಸಕ್ಕನ ಮುಖ ನೋಡಿದ.

"ಇಲ್ಲ. ಇನ್ನೂ ಬಂದಿಲ್ಲ."

ಮತ್ತೆ ಚಪ್ಪಾಳೆ ಬಿತ್ತು. ಮೂರನೆಯ ಸಾಲಿನಲ್ಲಿ ಅತ್ತಿಗೆಯೊಬ್ಬಳೇ ಚಪ್ಪಾಳೆ ತಟ್ಟಲಿಲ್ಲ. ಕೈಚೀಲದಲ್ಲಿ ಮುಖ ಮುಚ್ಚಿಕೊಂಡಿದ್ದಳು. ಅಣ್ಣ, ನಾನೇ ಕಣೋ, ನಿನ್ನ ಪಕ್ಕದಲ್ಲೇ ಇದ್ದೀನಲ್ಲೋ ಎಂಬ ಮಾತು ಪಿಸಕ್ಕನ ಗಂಟಲವರೆಗೆ ಬಂತು. ಹೇಳಿದರೆ ಅವನು ಹೆದರುತ್ತಿದ್ದ, ಅಷ್ಟು ಜನದ ಮುಂದೆ ಕೈ ಕಿತ್ತುಕೊಳ್ಳುತ್ತಿದ್ದ. ಅವಳು ಎದ್ದು ನಿಂತು, ಅವನಿಗೊಬ್ಬನಿಗೇ ಕೇಳುವಷ್ಟು ಮೆಲ್ಲಗೆ ಹೇಳಿದಳು.

"ಬನ್ನಿ ಸರ್, ಹೋಗೋಣ. ನಿಮ್ಮ ತಂಗಿ ನನ್ನ ಕಳ್ಸಿದಾರೆ."

"ಹೌದಾ?" ಎಂದ ಅಣ್ಣ. ಅವನ ಮುಖ ಅರಳಿತು. "ಮೊದ್ಲೇ ಹೇಳ್ಬಾರ್ದಾ ಅಮ್ಮಾ, ಪಾಪ, ಒಬ್ಳೇ ಇರ್ತಾಳೆ" ಎನ್ನುತ್ತ ಅವಳ ತೋಳು ಹಿಡಿದು ಎದ್ದು, ಅವಸರ ಅವಸರವಾಗಿ ಮೆಟ್ಟಿಲಿಳಿಯತೊಡಗಿದ.