ಏಪ್ರಿಕಾಟ್ ಗಿಡದ ಬೆಡ್‌ಶೀಟ್

ಬೆಳಿಗ್ಗೆ ಮೈಸೂರಿನಲ್ಲಿ ಕ್ಲಾಸಿಗೆ ಹೋಗುವಾಗ ಫೋನಿನಲ್ಲಿ ಫ್ರಾಸ್ಟ್ ಅಲರ್ಟ್ ಬಂತು: ಮನೆಯ ಕಡೆ ಈ ರಾತ್ರಿ ಇಬ್ಬನಿ ಹೆಪ್ಪುಗಟ್ಟುವಷ್ಟು ಚಳಿ. ನಾಳೆಯ ಟೆಸ್ಟ್ ಮರೆತು ಮನಸ್ಸು ಸಮುದ್ರದಾಚೆ, ಆಗಿನ್ನೂ ರಾತ್ರಿಯಾಗಿದ್ದ ಏಪೆಕ್ಸ್ ಊರಿನ ನಮ್ಮ ಹಿತ್ತಲಿಗೆ ಓಡಿತು.

ಅಪ್ಪನ ಏಪ್ರಿಕಾಟ್ ಹಳೆಯ ತಳಿ. ನಾಲ್ಕು ದಿನ ಬಿಸಿಲು ಕಂಡರೆ ಸಾಕು, ಚಳಿ ಮುಗಿಯುವ ಮೊದಲೇ ಹೂ ಬಿಡುತ್ತಿತ್ತು. "ನಿನ್ನ ಹಾಗೇ, ಎಲ್ಲಕ್ಕೂ ಅವಸರ" ಎನ್ನುತ್ತ ಅಪ್ಪ ಅಂಥ ಚಳಿಯ ರಾತ್ರಿ ಅದಕ್ಕೆ ಬೆಡ್‌ಶೀಟ್ ಹೊದಿಸಿ ಬಟ್ಟೆ ಕ್ಲಿಪ್ ಹಾಕುತ್ತಿದ್ದರು.

ನಾನು ಮೈಸೂರಿನ ಹಾಸ್ಟೆಲಿಗೆ ಹೊರಡಬೇಕಿದ್ದ ವರ್ಷ, ಅಷ್ಟರೊಳಗೆ ಒಂದು ಹಣ್ಣಾದರೂ ತಿನ್ನಬೇಕೆಂಬ ಆಸೆ. ಹೂಗಳಿಗೆ ಉಸಿರು ಕಟ್ಟೀತೆಂದು ಹೆದರಿ, ಬಿಸಿಲು ಬರುವ ಮೊದಲೇ ಬೆಡ್‌ಶೀಟ್ ಎಳೆದುಬಿಟ್ಟೆ. ಮಧ್ಯಾಹ್ನಕ್ಕೆ ಹೂವೆಲ್ಲ ಚಳಿಗೆ ಕಂದಿತ್ತು. ಅಪ್ಪ ಬೈಯಲಿಲ್ಲ. "ಮುಂದಿನ ವರ್ಷ ಬಿಡತ್ತೆ ಪುಟ್ಟಾ" ಎಂದರು. ಮುಂದಿನ ವರ್ಷ ನಾನಿರಲಿಲ್ಲ.

ಈಗ ಫೋನ್ ಮಾಡಿದೆ. "ಅಪ್ಪಾ, ಗಿಡ ಕವರ್ ಮಾಡಿದ್ರಾ?"

"ಮಾಡಿದೀನಿ. ಬಿಸಿಲು ಬರೋವರೆಗೂ ಮುಟ್ಟಲ್ಲ. ನೀನು ಹೋಗಿ ಓದ್ಕೋ."

"ಕ್ಲಿಪ್ ಹಾಕಿದ್ರಾ?"