ಬೀಳಲು ಬಲ್ಲ ಉಸ್ಮಾನಾಕ

ಉಸ್ಮಾನಾಕನಿಗೆ ಬೀಳಲು ಬರುತ್ತಿತ್ತು. ಅಬುಧಾಬಿಯ ನಮ್ಮ ಕಾರ್ಮಿಕರ ಕ್ಯಾಂಪಿನ ಊಟದ ಕೋಣೆಯಲ್ಲಿ ತಟ್ಟೆ ಹಿಡಿದು ನಡೆಯುತ್ತಿದ್ದವರು ಇದ್ದಕ್ಕಿದ್ದಂತೆ ಜಾರಿ, ಎರಡೂ ಪಾದ ಮೇಲೆದ್ದು, ಬೆನ್ನಡಿಯಾಗಿ ಧೊಪ್ಪನೆ ಬೀಳುತ್ತಿದ್ದರು. ತಟ್ಟೆಯ ಅನ್ನ ಮಾತ್ರ ಒಂದಗಳೂ ಚೆಲ್ಲುತ್ತಿರಲಿಲ್ಲ. ನಾವು ಗಾಬರಿಯಿಂದ ಎದ್ದು ನಿಂತರೆ ಅವರು ಮಲಗಿದಲ್ಲಿಂದಲೇ ಒಂದು ತುತ್ತು ಬಾಯಿಗಿಡುತ್ತಿದ್ದರು. ಐವತ್ತು ದಾಟಿದ, ಉಳ್ಳಾಲದ ಕಡೆಯ ಬ್ಯಾರಿ; ಹಿರಿಯರೆಂದು ನಾವೆಲ್ಲ ಹೆಸರಿಗೆ 'ಆಕ' ಸೇರಿಸಿ ಕರೆಯುತ್ತಿದ್ದೆವು. ನರೆತ ಗಡ್ಡ, ಕೋಲಿನಂಥ ಕಾಲು.

ಈ ವಿದ್ಯೆ ಅವರಿಗೆ ಬಂದದ್ದು ಮೊಬೈಲಿನಿಂದ. ನೂರು ವರ್ಷಕ್ಕೂ ಹಿಂದಿನ, ಮಾತೇ ಇಲ್ಲದ, ಹತ್ತು ಹನ್ನೆರಡು ನಿಮಿಷದ ನಗೆಚಿತ್ರಗಳೆಂದರೆ ಅವರಿಗೆ ಪ್ರಾಣ. ಬಣ್ಣ ಬಳಿಯುವ ಇಬ್ಬರು ಏಣಿ ಹೊತ್ತು ಬರುತ್ತಾರೆ, ಏಣಿ ಪೊಲೀಸನ ತಲೆಗೆ ಬಡಿಯುತ್ತದೆ, ಊರಿಗೆ ಊರೇ ಅವರ ಹಿಂದೆ ಓಡುತ್ತದೆ, ಕೊನೆಗೆ ಒಬ್ಬ ಕಟ್ಟಡದ ಅಂಚಿನಲ್ಲಿ ನೇತಾಡುತ್ತಾನೆ. ನಮ್ಮ ರೂಮಿನ ನೇಪಾಳಿ, ಬಂಗಾಲಿ, ಮಲಯಾಳಿಗಳೆಲ್ಲ ಒಂದೇ ಕ್ಷಣಕ್ಕೆ ನಕ್ಕದ್ದನ್ನು ನಾನು ಕಂಡದ್ದು ಅಂಥ ಸಿನಿಮಾ ಹಾಕಿದಾಗ ಮಾತ್ರ.

ದುಬೈಯ ದೇರಾದಲ್ಲಿ ಅಂಗಡಿಯ ಕೆಲಸ ಹೋದ ಮೇಲೆ ಬೇರೆ ದಾರಿ ಕಾಣದೆ ನಾನು ಅಬುಧಾಬಿಯಲ್ಲಿ ಟವರುಗಳ ಹೊರಗಾಜು ಒರೆಸುವ ಕೆಲಸಕ್ಕೆ ಸೇರಿದ್ದೆ. ಮೇಲಿನಿಂದ ಎರಡು ತಂತಿಹಗ್ಗಗಳಲ್ಲಿ ಇಳಿಬಿಡುವ ಉದ್ದನೆಯ ತೊಟ್ಟಿಗೆ ನಾವು ಕ್ರೇಡಲ್ ಎನ್ನುತ್ತೇವೆ. ಮೊದಲ ದಿನ ಅಲ್ ರೀಮ್ ಐಲ್ಯಾಂಡಿನ ಟವರೊಂದರಲ್ಲಿ ಕ್ರೇಡಲಿನ ಕಂಬಿ ಹಿಡಿದು ಕೆಳಗೆ ನೋಡಿದೆ. ಕಾರುಗಳು ಬೆಂಕಿಪೊಟ್ಟಣದಷ್ಟಿದ್ದವು. ಕಣ್ಣು ಮುಚ್ಚಿಕೊಂಡೆ. ಜೊತೆಗಿದ್ದ ಉಸ್ಮಾನಾಕ ಕೇಳಿದರು:

"ಹೆದರಿಕೆ ಆಗ್ತದಾ ದಿನೇಶಾ?"

"ಆಗ್ತದೆ, ಉಸ್ಮಾನಾಕಾ."

"ಆಗ್ಲಿ ಮಾರಾಯ. ಆ ಸಿನಿಮಾದಲ್ಲಿ ನೇತಾಡುವವನಿಗೂ ಆಗಿದೆ, ಬೇಕಾದ್ರೆ ಅವನ ಕಾಲು ನೋಡು. ಹೆದರಿಕೆಯೇ ಇಲ್ಲದವ ನೇತಾಡಿದ್ರೆ ಯಾರಿಗೂ ನಗು ಬರುದಿಲ್ಲ."

ಹೀಗೆ ಹೇಳಿ ಅವರು ಗಾಜಿನ ಕಡೆ ತಿರುಗಿದರು. ಯಾವ ದಿನವಾದರೂ ಒಳಗೆ ಮಗು ಕಂಡರೆ ಮುಗಿಯಿತು. ಇಲ್ಲದ ಮೆಟ್ಟಿಲು ಇಳಿಯುತ್ತಿದ್ದರು, ಸಾಬೂನು ಬುರುಗನ್ನು ಮೀಸೆ ಮಾಡಿಕೊಳ್ಳುತ್ತಿದ್ದರು. ದಪ್ಪ ಗಾಜು, ಒಳಗಿನ ನಗು ನಮಗೆ ಕೇಳುತ್ತಿರಲಿಲ್ಲ, ನಮ್ಮ ಸದ್ದು ಅವರಿಗೆ ಕೇಳುತ್ತಿರಲಿಲ್ಲ.

ಒಂದು ಬೆಳಿಗ್ಗೆ ಹತ್ತರ ಹೊತ್ತಿಗೆ ಮೂವತ್ತನಾಲ್ಕನೆಯ ಮಹಡಿಯಿಂದ ಇಳಿಯುತ್ತಿದ್ದೆವು. ಸಮುದ್ರದಿಂದ ಗಾಳಿ ಎದ್ದಿತು. ಅವರ ಕಡೆಯ ಹಗ್ಗ ಸಿಕ್ಕಿಕೊಂಡು ನಿಂತಿತು, ನನ್ನ ಕಡೆಯದು ಇಳಿಯುತ್ತಲೇ ಹೋಯಿತು. ಉಸ್ಮಾನಾಕ ಯಂತ್ರ ನಿಲ್ಲಿಸುವ ಕೆಂಪು ಗುಂಡಿ ಒತ್ತುವಷ್ಟರಲ್ಲಿ ಕ್ರೇಡಲ್ ವಾಲಿಬಿಟ್ಟಿತ್ತು. ಬಕೆಟ್ಟು ಜಾರಿ ಹೋಯಿತು, ಅದರ ಹಿಂದೆಯೇ ವಾಕಿಟಾಕಿಯೂ ಹೋಯಿತು. ಕೆಳಗೆ ಬಿದ್ದದ್ದರ ಸದ್ದು ಕೂಡ ಬರಲಿಲ್ಲ. ಮೊಬೈಲುಗಳನ್ನು ನಿಯಮದಂತೆ ಕೆಳಗೇ ಬಿಟ್ಟು ಬಂದಿದ್ದೆವು. ಸೊಂಟದ ಬೆಲ್ಟು ನಮ್ಮನ್ನು ಹಿಡಿದಿತ್ತು ನಿಜ. ಆದರೆ ಗಾಳಿ ಬೀಸಿದಾಗಲೆಲ್ಲ ಕ್ರೇಡಲ್ ಗೋಡೆಯಿಂದ ದೂರ ಹೋಗಿ, ಮತ್ತೆ ಬಂದು ಗಾಜಿಗೆ ಅಪ್ಪಳಿಸುತ್ತಿತ್ತು. ಕಿರುಚಿದೆ. ಗಾಳಿ ಅದನ್ನೂ ಒಯ್ದಿತು.

ಒಳಗೆ ಒಬ್ಬ ಹೆಂಗಸು ಮಗುವಿಗೆ ಉಣಿಸುತ್ತಿದ್ದಳು. ಹಿಂದಿನ ತಿಂಗಳು ಉಸ್ಮಾನಾಕ ಅದೇ ಕಿಟಕಿಯಲ್ಲಿ ಆಟ ತೋರಿಸಿದ್ದರು. ಅವರು ಗಾಜನ್ನು ಬಡಿದರು, ಕೈ ಬೀಸಿದರು, "ಹೆಲ್ಪ್! ಹೆಲ್ಪ್!" ಎಂದು ಕೂಗಿದರು. ಮಗು ಚಪ್ಪಾಳೆ ತಟ್ಟಿತು. ಹೆಂಗಸು ನಗುತ್ತಾ ಎದ್ದು ಬಂದು ಮೊಬೈಲು ಎತ್ತಿ ನಮ್ಮ ವಿಡಿಯೊ ಮಾಡತೊಡಗಿದಳು. ಉಸ್ಮಾನಾಕ ಕೈ ಬೀಸಿದಷ್ಟೂ ಒಳಗಿನವರು ನಕ್ಕರು. ಕೆಳಗಿನ ಆಳಕ್ಕಿಂತ ಆ ನಗುವೇ ನನ್ನನ್ನು ಹೆಚ್ಚು ಹೆದರಿಸಿತು.

ಆಗ ಉಸ್ಮಾನಾಕ ಎಲ್ಲವನ್ನೂ ನಿಲ್ಲಿಸಿದರು. ಎರಡೂ ಅಂಗೈ ಗಾಜಿಗೊತ್ತಿ, ಮುಖವನ್ನು ಹತ್ತಿರ ತಂದು ಸುಮ್ಮನೆ ನಿಂತರು. ಆ ಮುಖವನ್ನು ನಾನು ಮೊದಲು ಕಂಡಿರಲಿಲ್ಲ. ತುಟಿ ನಡುಗುತ್ತಿತ್ತು, ಕಣ್ಣೀರು ಗಡ್ಡಕ್ಕಿಳಿಯುತ್ತಿತ್ತು. ಹೆಂಗಸಿನ ನಗು ನಿಧಾನವಾಗಿ ಆರಿತು. ಮೊಬೈಲು ಕೆಳಗಿಳಿಯಿತು. ಮರುಕ್ಷಣ ಅವಳು ಮಗುವನ್ನು ಬಾಚಿಕೊಂಡು ಬಾಗಿಲಿನ ಕಡೆ ಓಡಿದಳು.

ಮುಕ್ಕಾಲು ಗಂಟೆಯ ಮೇಲೆ ಕಟ್ಟಡದ ಸಿಬ್ಬಂದಿ ನಮ್ಮನ್ನು ತಾರಸಿಗೆ ಎಳೆದುಕೊಂಡರು. ಉಸ್ಮಾನಾಕ ಬಿಸಿ ಕಾಂಕ್ರೀಟಿನ ಮೇಲೆಯೇ ಕುಳಿತುಬಿಟ್ಟರು.

"ಹನ್ನೊಂದು ವರ್ಷದಿಂದ ನನಗೆ ದಿನಾ ಹೆದರಿಕೆ, ದಿನೇಶಾ. ಬೆಳಿಗ್ಗೆ ವ್ಯಾನಿನಲ್ಲಿ ಕೂತ ಕೂಡ್ಲೆ ಇವತ್ತು ಬೀಳ್ತೇನೆ ಅಂತ ಅನಿಸ್ತದೆ. ಅದಕ್ಕೇ ಆ ಸಿನಿಮಾ ನೋಡುದು. ಅವರು ಎಲ್ಲಿಂದ ಬಿದ್ರೂ ಏಳ್ತಾರಲ್ಲ, ನೋಡಿದ್ರೆ ಸ್ವಲ್ಪ ಧೈರ್ಯ ಬರ್ತದೆ."

"ನೀವು ಒಂದು ದಿನವೂ ಹೇಳಲಿಲ್ಲ ಉಸ್ಮಾನಾಕಾ."

"ಹೇಳಿದ್ರೆ ನೀನು ಕ್ರೇಡಲ್ ಹತ್ತುತ್ತಿದ್ಯಾ? ಇನ್ನು ನನ್ನಿಂದ ಆಗುದಿಲ್ಲ. ಖಲಾಸ್."

ಅವರು ಮತ್ತೆ ಹತ್ತಲಿಲ್ಲ. ದುಬೈಗೆ ಹೋಗಿ ದೇರಾದಲ್ಲಿ ಸಂಬಂಧಿಕರ ಮಸಾಲೆ ಅಂಗಡಿ ಸೇರಿದರು. ನಾನು ಹತ್ತಿದೆ, ಮನೆಯಲ್ಲಿ ನನ್ನೊಬ್ಬನ ಸಂಬಳವೇ ಆಧಾರ.

ಅವರು ಊರಿಗೆ ಮರಳುವ ಮೊದಲು ನಾನು ಅವರನ್ನು ಕಂಡದ್ದು ಒಂದೇ ಸಲ. ರಜೆಯ ದಿನ ಬಸ್ಸು ಹಿಡಿದು ಹೋದೆ. ಏಲಕ್ಕಿ ಮೂಟೆಗಳ ನಡುವೆ ಕೂರಿಸಿ ಚಾ ತರಿಸಿದರು. ಸಿನಿಮಾದ ಮಾತನ್ನು ಇಬ್ಬರೂ ಎತ್ತಲಿಲ್ಲ.

"ಈಗ ಎಷ್ಟನೇ ಮಾಳಿಗೆ?"

"ನಲ್ವತ್ತೆರಡು."

ಅವರು ನನ್ನ ಮಣಿಕಟ್ಟು ಹಿಡಿದುಕೊಂಡರು. ಚಾ ಆರಿತು, ಗಿರಾಕಿಗಳು ಬಂದು ಕಾದರು, ಅವರು ಬಿಡಲಿಲ್ಲ. ಹೊರಟಾಗ ಮೆಟ್ರೊ ಸ್ಟೇಷನ್ನಿನವರೆಗೆ ಜೊತೆಗೇ ಬಂದರು. ದಾರಿಯಲ್ಲಿ ಒಂದು ಕಟ್ಟಡದ ನೆತ್ತಿಯಲ್ಲಿ ಕ್ರೇಡಲ್ ತೂಗುತ್ತಿತ್ತು. ಉಸ್ಮಾನಾಕ ಕತ್ತೆತ್ತಲಿಲ್ಲ. ಚಿಕ್ಕ ಮಗುವನ್ನು ದಾಟಿಸುವಂತೆ ನನ್ನನ್ನು ರಸ್ತೆಯ ಆಚೆ ಬದಿಗೆ ಕರೆದೊಯ್ದರು.

ಸ್ಟೇಷನ್ನಿನ ಮೆಟ್ಟಿಲ ಬುಡದಲ್ಲೂ ಅವರು ಕೈ ಬಿಡಲಿಲ್ಲ. ನಾನೇ ಬಿಡಿಸಿಕೊಂಡೆ.