ಲೇಖಕನ ಮನೆಯ ಪುಸ್ತಕದಲ್ಲಿ ನನ್ನ ಕಸುಬು

ಬೆಂಗಳೂರಿನಿಂದ ಅಮೆರಿಕಕ್ಕೆ ವಾಪಸ್ ಬರುವಾಗ ಟೋಕಿಯೋದಲ್ಲಿ ಒಂದು ದಿನ ಇಳಿಯೋಣ ಎಂದು ಹಟ ಹಿಡಿದವಳು ನಾನೇ. ಕೋವಿಡ್ ಮುಗಿದ ಮೇಲೆ ನಾವು ಊರಿಗೆ ಹೋಗಿದ್ದು ಅದೇ ಮೊದಲು. ನನ್ನ ಗಂಡ ಟವರ್, ಟೆಂಪಲ್, ಶಾಪಿಂಗ್ ಎಂದು ಎಕ್ಸೆಲ್ ಶೀಟ್ ಮಾಡಿಟ್ಟಿದ್ದರು.

"ಯಾರೋ ಸತ್ತೋಗಿರೋ ರೈಟರ್ ಮನೆ ನೋಡೋಕೆ ಅರ್ಧ ದಿನ ವೇಸ್ಟ್ ಮಾಡ್ತೀಯಾ?"

"ಮಾಡ್ತೀನಿ. ನೀವು ಬೇಕಾದ್ರೆ ಟವರ್ ಹತ್ತಿ," ಎಂದೆ. ಗೊಣಗಿಕೊಂಡೇ ಜೊತೆಗೆ ಬಂದರು.

ಆ ಲೇಖಕನನ್ನು ನಾನು ಕಾಲೇಜಿನಲ್ಲಿದ್ದಾಗ ಕನ್ನಡ ಅನುವಾದದಲ್ಲಿ ಓದಿದ್ದೆ. ಜಪಾನಿನಲ್ಲಿ ಆತನ ಹೆಸರು ಮನೆಮಾತು. ಮನೆ ಅರಮನೆಯಂತಿರಬಹುದು ಎಂದುಕೊಂಡಿದ್ದೆ. ಒಳಗೆ ಹೋದರೆ ಮೂರೇ ಕೋಣೆ, ಚಾಪೆ ಹಾಸಿದ ನೆಲ. ಆತ ಬರೆಯುತ್ತಿದ್ದ ಗಿಡ್ಡ ಮೇಜು ಅಡುಗೆಮನೆಗೆ ಹೋಗುವ ದಾರಿಯಲ್ಲೇ ಇತ್ತು. ಮಕ್ಕಳು ಪಕ್ಕದಲ್ಲೇ ಗಲಾಟೆ ಮಾಡುತ್ತಿದ್ದರು, ಆತನ ಪಾಡಿಗೆ ಆತ ಬರೆಯುತ್ತಿದ್ದ ಎಂದು ಮನೆ ನೋಡಿಕೊಳ್ಳುವ ವಯಸ್ಸಾದ ಹೆಂಗಸು ನಿಧಾನದ ಇಂಗ್ಲಿಷಿನಲ್ಲಿ ಭಕ್ತಿಯಿಂದ ವಿವರಿಸಿದರು.

ನನಗೆ ಮೈಯೆಲ್ಲ ಉರಿಯಿತು. ಅಮೆರಿಕದ ಕ್ಲಾರ್ಕ್ಸ್‌ಬರ್ಗಿನ ನಮ್ಮ ಮನೆಯ ಬೇಸ್‌ಮೆಂಟಿನಲ್ಲಿ ಗಂಡನಿಗೆ ಬಾಗಿಲು ಹಾಕಿಕೊಳ್ಳಲು ಒಂದು ಆಫೀಸ್ ರೂಮ್ ಇದೆ. ನಾನು ಕುಕ್ಕರ್ ಕೂಗುವಾಗ ಎದ್ದು, ಮತ್ತೆ ಡೈನಿಂಗ್ ಟೇಬಲ್ಲಿನ ಮೂಲೆಯಲ್ಲಿ ಕೂತು ಎರಡು ಕಥಾಸಂಕಲನ ಬರೆದಿದ್ದೇನೆ. ಗಲಾಟೆಯ ನಡುವೆ ಆತ ಬರೆದರೆ ತಪಸ್ಸು, ನಾನು ಬರೆದರೆ ಟೈಮ್‌ಪಾಸ್. ಮನೆಗೊಂದು ಅಡುಗೆ ತಂದು ಸೇರುವ ಪಾಟ್‌ಲಕ್ ಊಟಗಳಲ್ಲಿ ಆಂಟಿಯರು "ಮನೇಲಿ ಬೋರ್ ಆಗಲ್ವಾ ನಿಂಗೆ?" ಎಂದು ಕೇಳಿದಾಗಲೆಲ್ಲ ಹಲ್ಲು ಕಿರಿದು ಸುಮ್ಮನಾಗುತ್ತಿದ್ದೆ. ಯಾಕೆ ಸುಮ್ಮನಿದ್ದೆನೋ, ಥೂ.

ಬಾಗಿಲ ಬಳಿ, ಬಂದವರು ಹೆಸರು, ಊರು, ಕಸುಬು ಬರೆಯುವ ಪುಸ್ತಕವಿತ್ತು. "ಹೋಮ್‌ಮೇಕರ್ ಅಂತ ಹಾಕು, ಹೊರಡೋಣ," ಎಂದರು ಗಂಡ. ನಾನು ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ, 'ಲೇಖಕಿ' ಎಂದು ಬರೆದೆ. ಹಾಗೆಂದರೇನು ಎಂದು ಆ ಹೆಂಗಸು ಕೇಳಿದರು. ಹೇಳಿದೆ. ಅವರು ಸೊಂಟ ಬಗ್ಗಿಸಿ ನನಗೆ ನಮಸ್ಕರಿಸಿದರು.

ವಿಮಾನ ಹತ್ತಿದ ಮೇಲೆ ಗಂಡನ ಪಾಠ ಶುರುವಾಯಿತು. ನನ್ನದು ಅವರ ಕೆಲಸದ ವೀಸಾಕ್ಕೆ ಅಂಟಿಕೊಂಡ ಹೆಂಡತಿಯ ವೀಸಾ. ಅದರಲ್ಲಿ ನಾನು ದುಡಿಯುವಂತಿಲ್ಲ.

"ಇಮಿಗ್ರೇಷನ್‌ನಲ್ಲಿ ರೈಟರ್ ಗೀಟರ್ ಅನ್ಬೇಡ. ಕದ್ದು ಕೆಲಸ ಮಾಡ್ತಿದಾಳೆ ಅಂದ್ಕೊಂಡ್ರೆ ವಾಪಸ್ ಕಳಿಸಿಬಿಡ್ತಾರೆ. ಹೋಮ್‌ಮೇಕರ್ ಅನ್ನು, ಮುಗೀತು."

ಅವರ ಭಯ ಸುಳ್ಳಲ್ಲ, ನನಗೂ ಅದೇ ಭಯ. ಆದರೆ ನನ್ನ ಕಸುಬನ್ನು ಪರದೇಶದ ಪುಸ್ತಕದಲ್ಲಿ ಬರೆದಿಟ್ಟು, ಬಾಯಲ್ಲಿ ನುಂಗಿಕೊಳ್ಳುವುದು ನನ್ನಿಂದಾಗದು ಎನ್ನಿಸಿತು.

ನಮ್ಮೂರಿಗೆ ಹತ್ತಿರದ ಡಲ್ಲಸ್ ವಿಮಾನ ನಿಲ್ದಾಣದ ಕೌಂಟರಿನಲ್ಲಿ ಅಧಿಕಾರಿ ನನ್ನ ಪಾಸ್‌ಪೋರ್ಟ್ ತಿರುವಿ ಹಾಕುತ್ತ, ನೀವೇನು ಮಾಡುತ್ತೀರಿ ಎಂದು ಕೇಳಿದ. ಪಕ್ಕದಲ್ಲಿದ್ದ ಗಂಡ ನನ್ನತ್ತ ತಿರುಗಿದರು.

"ನಾನು ಲೇಖಕಿ," ಎಂದೆ.

"ಸಂಬಳ ಯಾರು ಕೊಡ್ತಾರೆ?"

"ಯಾರೂ ಇಲ್ಲ. ಕನ್ನಡದಲ್ಲಿ ಕಥೆ ಬರೀತೀನಿ. ನನ್ನದೂ ಇವರದೂ ಒಂದೇ ಭಾಷೆ."

ಆತ ಕೀಬೋರ್ಡಿನಿಂದ ಕೈ ತೆಗೆದ. ಆತ ಗಂಡನ ಕಡೆ ತಿರುಗಿ, "ಹೇಗಿವೆ ಕಥೆಗಳು?" ಎಂದ.

ಗಂಡ ಆತನ ಮುಖ ನೋಡಿದರು, ನನ್ನ ಮುಖ ನೋಡಿದರು.

"ನಾನು ಓದಿಲ್ಲ," ಎಂದರು.

ಅಧಿಕಾರಿ ಮುದ್ರೆ ಒತ್ತಿ ಪಾಸ್‌ಪೋರ್ಟನ್ನು ನನ್ನ ಕೈಗೇ ಕೊಟ್ಟ.

"ಇನ್ಮೇಲೆ ಓದ್ತಾರೆ," ಎಂದೆ.